ಭೋಂಗಾದ ಮೊದಲ ಹಾಡು

ನನ್ನ ಮೈಬಣ್ಣ ಕಿತ್ತಳೆ. ಕ್ಯಾಸೆಟ್ಟುಗಳೆಂದರೆ ಕಪ್ಪಗೋ ಬೂದು ಬಣ್ಣಕ್ಕೋ ಇರುವುದು ವಾಡಿಕೆ. ನಮ್ಮನ್ನು ಎರಕ ಹೊಯ್ಯುವ ದಿನ ಕಾರ್ಖಾನೆಯಲ್ಲಿ ಕಪ್ಪು ಪ್ಲಾಸ್ಟಿಕ್ಕು ಮುಗಿದಿತ್ತಂತೆ. ಮಕ್ಕಳ ಬುಗುರಿಗೆಂದು ತರಿಸಿಟ್ಟ ಚೀಲವೊಂದು ಮೂಲೆಯಲ್ಲಿತ್ತು, ಅದನ್ನೇ ಕರಗಿಸಿದರು. ಹೀಗೆ ಬುಗುರಿಯಾಗಿ ತಿರುಗಬೇಕಾಗಿದ್ದ ನಾವು ಮುನ್ನೂರು ಮಂದಿ ಒಡಹುಟ್ಟಿದವರು ಕ್ಯಾಸೆಟ್ಟಾಗಿ ತಿರುಗಲು ಹುಟ್ಟಿದೆವು.

ನಮ್ಮ ಹೊಟ್ಟೆಯೊಳಗಿನ ಕಂದು ಪಟ್ಟಿಗೆ ಹಾಡು ತುಂಬಿದವರು ಹುಬ್ಬಳ್ಳಿಯ ನಾಲ್ವರು ಹುಡುಗರು. ನಾಲ್ವರ ಅಪ್ಪಂದಿರೂ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರು. ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಟ್ಟು ಪ್ಯಾಸೆಂಜರ್ ಗಾಡಿ ಬದಿಗೆ ನಿಂತು ಕಾಯುವ ಹಳಿಗೆ ಲೂಪ್ ಲೈನ್ ಅನ್ನುತ್ತಾರಲ್ಲ, ಅದನ್ನೇ ತಮ್ಮ ರಾಕ್ ತಂಡದ ಹೆಸರು ಮಾಡಿಕೊಂಡಿದ್ದರು. ಮೊದಲ ಆಲ್ಬಮ್ಮಿಗೆ 'ಭೋಂಗಾ' ಎಂದು ಹೆಸರಿಟ್ಟರು. ವರ್ಕ್‌ಶಾಪಿನ ಸೈರನ್ನಿಗೆ ಆ ಊರಿನವರು ಕರೆಯುವುದು ಹಾಗೆ. ನನ್ನ ಮೊದಲ ಬದಿಯ ಮೊದಲ ಹಾಡು ಶುರುವಾಗುವುದೇ ಗಿಟಾರಿನಲ್ಲಿ ನುಡಿಸಿದ ಭೋಂಗಾದಿಂದ. ಹಾಡುವವನು ಡ್ಯಾನಿಯಲ್ ಹೊಸಮನಿ. ಇಪ್ಪತ್ತು ವರ್ಷದ ಕಂಠ, ಇನ್ನೂ ಪಳಗಿರಲಿಲ್ಲ. 'ಭೋಂಗಾ ಕೂಗಿತು, ನಮ್ಮಪ್ಪ ಎದ್ದ. ಅನ್ನಕ್ಕೂ ಎಣ್ಣಿ ವಾಸನಿ, ಅಪ್ಪನ ಕೈಯಾಗ ಎಣ್ಣಿ ವಾಸನಿ' ಎಂದು ಅವನು ಹಾಡಿದಾಗ ನನ್ನ ಮೈ ಹೇಗೆ ನಡುಗಿತೆಂದರೆ, ಆ ನಡುಕವೇ ನನ್ನ ಉಸಿರಾಯಿತು.

ಆದರೆ ಕೊಳ್ಳುವವರು ಬರಲಿಲ್ಲ. ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ಟಿನ ಅಂಗಡಿಯಿಟ್ಟಿದ್ದ ಇಮಾಮ್‌ಹುಸೇನ್ ನದಾಫ ನಮ್ಮೆಲ್ಲರನ್ನೂ ತಂದು ಸಾಲಾಗಿ ಜೋಡಿಸಿದ್ದ. ಜನ ಬಂದರು, ಕಿತ್ತಳೆ ಬಣ್ಣ ನೋಡಿ ನಕ್ಕರು, ಸಿನಿಮಾ ಹಾಡು ಕೇಳಿದರು, ಹೋದರು. ಎರಡು ವರ್ಷ ಧೂಳು ಕುಡಿದೆವು. ಕೊನೆಗೆ ನದಾಫ ಒಂದು ಉಪಾಯ ಮಾಡಿದ.

ನಮ್ಮ ನೆತ್ತಿಯಲ್ಲಿ ಬದಿಗೊಂದರಂತೆ ಎರಡು ಪುಟ್ಟ ತೂತುಗಳಿರುತ್ತವೆ. ತೂತು ತೆರೆದಿದ್ದರೆ ಆ ಬದಿಯ ಹಾಡಿಗೆ ಕಾವಲಿದೆ ಎಂದರ್ಥ. ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಕೆಳಗಿಳಿಯುವುದೇ ಇಲ್ಲ, ಹಳೆಯ ಹಾಡಿನ ಮೇಲೆ ಹೊಸದನ್ನು ತುಂಬಲಾಗುವುದಿಲ್ಲ. ತೂತಿನ ಮೇಲೆ ಒಂದು ಚೂರು ಅಂಟುಪಟ್ಟಿ ಹಚ್ಚಿದರೆ ಕಾವಲು ಹೋಯಿತು. ನದಾಫ ಕೂತಲ್ಲೇ ಕೂತು ನಮ್ಮೆಲ್ಲರ ನೆತ್ತಿಗೂ ಅಂಟುಪಟ್ಟಿ ಹಚ್ಚಿದ. ಒಳಗ ಏನೋ ಗದ್ದಲ ಐತಿ, ಅದರ ಮ್ಯಾಲ ನಿಮಗ ಬೇಕಾದ್ದು ತುಂಬಕೋರಿ ಎಂದು ಹೇಳಿ ಖಾಲಿ ಕ್ಯಾಸೆಟ್ಟಿನಂತೆ ಮಾರಿದ. ನನ್ನ ಒಡಹುಟ್ಟಿದವರು ಒಬ್ಬೊಬ್ಬರಾಗಿ ಭಜನೆಯಾದರು, ಪುರಾಣವಾದರು, ಯಾರದೋ ಮದುವೆಯ ಓಲಗವಾದರು. ತುಂಬಿದ್ದು ಮುಗಿದ ಮೇಲೆ ಪಟ್ಟಿಯ ಕೊನೆಯಲ್ಲಿ ಒಂದೆರಡು ನಿಮಿಷ ಮಾತ್ರ ಭೋಂಗಾ ಉಳಿಯುತ್ತಿತ್ತು, ಅಳಿಸಿದ ಹಲಗೆಯ ಅಂಚಿನಲ್ಲಿ ಉಳಿದ ಸೀಮೆಸುಣ್ಣದಂತೆ.

ನನ್ನನ್ನು ಕೊಂಡವನು ಬೆಟಗೇರಿಯ ಗುರುಬಸಪ್ಪ, ಮಗ್ಗದ ಮನೆಯವನು. ಒಂದು ಬದಿಗೆ ಅಂಗಡಿಯಲ್ಲೇ ನಾಟಕದ ಹಾಡು ತುಂಬಿಸಿಕೊಂಡ. ಮೊದಲ ಬದಿಯನ್ನು ಹಾಗೇ ಬಿಡಿಸಿದ. ಅದು ಅವನ ಅತ್ತೆ ಫಕೀರವ್ವನಿಗೆ ಮೀಸಲು.

ಫಕೀರವ್ವನೆಂದರೆ ಆ ಓಣಿಗೆಲ್ಲ ತೊಟ್ಟಿಲ ಪದದವಳು. ಯಾರ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಮೊದಲ ಜೋಗುಳ ಅವಳದೇ ಆಗಬೇಕು. ಅವಳು ಹಾಡದಿದ್ದರೆ ಕೂಸು ಹೆಸರಿಗೆ ತಿರುಗಿ ನೋಡುವುದಿಲ್ಲ ಎಂದು ಹೆಂಗಸರು ನಂಬಿದ್ದರು. ವಯಸ್ಸಾಗುತ್ತ ಬಂತಲ್ಲ, ಅವಳ ದನಿ ಹಿಡಿದಿಡೋಣ ಎಂದು ಅಳಿಯನಿಗೂ ಮಗಳು ನಿಂಬೆವ್ವನಿಗೂ ಆಸೆ.

ಆದರೆ ಅಂಗಡಿಯಿಂದ ಬೆಟಗೇರಿಗೆ ಬರುವ ದಾರಿಯಲ್ಲೇ, ಚೈತ್ರದ ಬಿಸಿಲಿಗೆ, ಮೊದಲ ಬದಿಯ ಅಂಟುಪಟ್ಟಿ ಉದುರಿ ಗುರುಬಸಪ್ಪನ ಅಂಗಿಯ ಕಿಸೆಯಲ್ಲಿ ಬಿದ್ದಿತ್ತು. ಅದು ನನಗೆ ಗೊತ್ತಾಯಿತು. ಅವನಿಗೆ ಗೊತ್ತಾಗಲಿಲ್ಲ.

ಫಕೀರವ್ವ ಹೊಸ ಸೀರೆಯುಟ್ಟು ಬಂದಳು. ಅವಳು ಹಾಡುವ ಮುಂಚೆ ಹಾಕಿದ ಕರಾರು ಒಂದೇ. ತನ್ನ ದನಿ ತಾನೇ ಕೇಳಿಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ, ಆದ್ದರಿಂದ ತಾನು ಬದುಕಿರುವ ತನಕ ಇದನ್ನು ಯಾರೂ ಹಚ್ಚಿ ಕೇಳಬಾರದು. ಮಗಳೂ ಅಳಿಯನೂ ಒಪ್ಪಿದರು. ಗುರುಬಸಪ್ಪ ದನಿಯ ತಿರುಪನ್ನು ಪೂರ್ತಿ ಸೊನ್ನೆಗೆ ತಿರುಗಿಸಿದ, ಹಿಂದೊಮ್ಮೆ ಹೀಗೆ ತುಂಬುವಾಗ ಪೆಟ್ಟಿಗೆ ಕುಂಯ್ ಎಂದು ಸಿಳ್ಳೆ ಹೊಡೆದಿತ್ತು. ಆಮೇಲೆ ಎರಡು ಗುಂಡಿಗಳನ್ನೂ ಸೇರಿಸಿ ಒತ್ತಿದ. ಕೆಂಪು ಗುಂಡಿ ಕಾಲುಭಾಗ ಇಳಿದು ಮೇಲೆದ್ದಿತು. ಪಕ್ಕದ್ದು ಮಾತ್ರ ಕೆಳಗೆ ಕೂತಿತು. ಅದು ಹಾಡು ಕೇಳಿಸುವ ಗುಂಡಿ. ಮೂಲೆಯಲ್ಲಿ ಕರೆಂಟಿನ ಕೆಂಪು ದೀಪ ಉರಿಯುತ್ತಿತ್ತು. ದನಿ ಹಿಡಿಯುವ ದೀಪ ಅದೇ ಎಂದುಕೊಂಡ ಗುರುಬಸಪ್ಪ ಅತ್ತೆಗೆ ಕೈಸನ್ನೆ ಮಾಡಿದ.

ನನ್ನ ಚಕ್ರ ತಿರುಗಿತು. ನನ್ನೊಳಗೆ ಡ್ಯಾನಿಯಲ್ ಸದ್ದಿಲ್ಲದೆ ಒದರುತ್ತಿದ್ದ, ಹೊರಗೆ ಫಕೀರವ್ವ ಹಾಡುತ್ತಿದ್ದಳು. ಒಂಬತ್ತು ಪದ. ನನ್ನ ಮೇಲೆ ಒಂದಕ್ಷರವೂ ಬೀಳಲಿಲ್ಲ. ಗುಂಡಿ ಇಳಿದಿಲ್ಲ ಎಂದು ಕೂಗಲು ನನಗೆ ಬೇರೆ ದನಿಯಿರಲಿಲ್ಲ. ಇದ್ದ ದನಿಯ ತಿರುಪು ಸೊನ್ನೆಯಲ್ಲಿತ್ತು. ಗುರುಬಸಪ್ಪ ಚಕ್ರದ ಮೇಲಿನ ಕಣ್ಣು ಕೀಳದೆ, ಯಜ್ಞಕ್ಕೆ ಕೂತವನಂತೆ ಅರ್ಧ ಗಂಟೆ ಕೂತಿದ್ದ.

ಫಕೀರವ್ವ ಮತ್ತೆ ಹನ್ನೆರಡು ವರ್ಷ ಬದುಕಿದಳು. ಕೊಟ್ಟ ಮಾತು ಯಾರೂ ಮುರಿಯಲಿಲ್ಲ. ಅವಳು ತೀರಿಹೋಗುವ ಹೊತ್ತಿಗೆ ಟೇಪ್‌ರೆಕಾರ್ಡರು ಕೆಟ್ಟು ಗುಜರಿಗೆ ಹೋಗಿತ್ತು. ನಿಂಬೆವ್ವ ನನ್ನನ್ನು ರೇಷ್ಮೆ ಖಣದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ವರ್ಷಕ್ಕೊಮ್ಮೆ, ಅವ್ವನ ತಿಥಿಯ ದಿನ, ಹೊರಗೆ ತೆಗೆದು ಕುಂಕುಮ ಹಚ್ಚುವಳು. ಓಣಿಯ ಹೆಂಗಸರು ಆ ಪದ ನಮಗೂ ಕಲಿಸು ಎಂದು ಕೇಳಿದರೆ, ಅದಕ್ಕೇನವಸರ, ಟೇಪಿನ್ಯಾಗ ಐತಲ್ಲ ಎನ್ನುವಳು. ಆ ಮಾತು ಕೇಳಿದಾಗಲೆಲ್ಲ ನನ್ನೊಳಗಿನ ಪಟ್ಟಿ ಬಿಗಿದುಕೊಳ್ಳುತ್ತಿತ್ತು. ಇಲ್ಲದ ದೇವರನ್ನು ಹೊತ್ತ ಗುಡಿಯ ಸಂಕಟ ಅದು.

ಹೊರಗೆ ಏನೇನಾಗಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಲೂಪ್ ಲೈನಿನ ಎರಡನೆಯ ಆಲ್ಬಮ್ಮು ಹೆಸರು ಮಾಡಿತ್ತು. ಕಾಲೇಜಿನ ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು. ಭೋಂಗಾದ ಬಗ್ಗೆ ಕೇಳಿದರೆ ಸ್ವತಃ ಡ್ಯಾನಿಯಲ್ಲೇ, ಅದು ನಾವಿನ್ನೂ ಹಾಡಲು ಕಲಿಯುತ್ತಿದ್ದಾಗಿನ ಗದ್ದಲ, ಬಿಟ್ಟುಬಿಡಿ ಎನ್ನುತ್ತಿದ್ದನಂತೆ. ಆದರೆ ಎಲ್ಲೋ ಒಬ್ಬ ಮಾಸ್ತರನ ಮನೆಯಲ್ಲಿ ಮಂಗಳಾರತಿ ಮುಗಿದ ಮೇಲೆ ದಡಬಡ ಡ್ರಮ್ಮು ಬಿದ್ದಿತು. ಇನ್ನೊಂದು ಮನೆಯಲ್ಲಿ ಪುರಾಣ ಮುಗಿದದ್ದೇ ಗಿಟಾರು ಅತ್ತಿತು. ಕೇಳಿದವರು ಬೆರಗಾದರು. ಆ ಚೂರುಗಳಿಗೆ ಅಭಿಮಾನಿಗಳು 'ಬಾಲ' ಎಂದು ಹೆಸರಿಟ್ಟರು. ಬಾಲ ಕೂಡಿಸುವ ಗುಂಪೊಂದು ಹುಟ್ಟಿತು. ಲೂಪ್ ಲೈನಿನ ನಿಜವಾದ ಸಿಟ್ಟು ಇರುವುದು ಇದರಲ್ಲೇ, ಎರಡನೆಯದು ಇಸ್ತ್ರಿ ಮಾಡಿದ ಅಂಗಿ ಎಂದರು ಕೆಲವರು. ಒಪ್ಪದವರು ಹಂಗಿಸಿದರು: ಬಾಲ ಹಿಡಿದು ಆನಿ ಅಂತೀರಿ, ಪೂರ್ತಿ ಸಿಕ್ಕರ ಇಲಿ ಇದ್ದೀತು. ತುಂಬುವವರೆಲ್ಲ ಪಟ್ಟಿಯ ಮೊದಲಿನಿಂದಲೇ ತುಂಬಿದ್ದರು. ತಂಡದವರೂ ಮೂಲ ಟೇಪು ಉಳಿಸಿಕೊಂಡಿರಲಿಲ್ಲ. ಮೊದಲ ಬದಿಯ ಮೊದಲ ಹಾಡು ಯಾರಿಗೂ ಸಿಕ್ಕಿರಲಿಲ್ಲ.

ಆ ಗುಂಪಿನಲ್ಲಿ ಹಟ ಹಿಡಿದು ಹುಡುಕುತ್ತಿದ್ದವಳು ರೇಷ್ಮಾ. ಅಂಟುಪಟ್ಟಿ ಹಚ್ಚಿದ ಅದೇ ನದಾಫನ ಮಗಳು. ಅಪ್ಪ ಅಳಿಸಿದ್ದನ್ನು ಮಗಳು ಒಂಬತ್ತು ವರ್ಷದಿಂದ ಮನೆಮನೆ ತಿರುಗಿ ಕೂಡಿಸುತ್ತಿದ್ದಳು. ಕಿತ್ತಳೆ ಕ್ಯಾಸೆಟ್ಟಿನ ಚಿತ್ರ ಮೊಬೈಲಿನಲ್ಲಿ ಓಡಾಡಿತು. ನಿಂಬೆವ್ವನ ಮಗಳು ಅದನ್ನು ನೋಡಿ ಫೋನು ಮಾಡಿದಳು. ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬರುವ ಗುರುವಾರ ಅವಳ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು.

ಒಪ್ಪಂದ ಸರಳವಾಗಿತ್ತು. ರೇಷ್ಮಾ ಯಂತ್ರ ತರಬೇಕು, ಫಕೀರವ್ವನ ಒಂಬತ್ತು ಪದ ಇಳಿಸಿಕೊಡಬೇಕು. ಗುರುವಾರ ತೊಟ್ಟಿಲ ಹತ್ತಿರ ಮುತ್ತಜ್ಜಿಯ ದನಿಯೇ ಮೊಳಗಬೇಕು. ಪದಗಳು ಮುಗಿದ ಮೇಲೆ ಬಾಲವೇನಾದರೂ ಉಳಿದಿದ್ದರೆ ಅದು ರೇಷ್ಮಾಳಿಗೆ.

ಸೋಮವಾರ ಬೆಳಿಗ್ಗೆ ಅವಳು ಬಂದಳು. ನಿಂಬೆವ್ವ ಖಣ ಬಿಚ್ಚಿ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ರೇಷ್ಮಾಳ ಬೆರಳು ತಣ್ಣಗಿತ್ತು. ನನ್ನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಪಟ್ಟಿಯನ್ನು ಒತ್ತಿ ಹಿಡಿಯುವ ಉಣ್ಣೆಯ ತುಂಡು ಉದುರಿಹೋಗಿತ್ತು, ಪಟ್ಟಿ ಅಲ್ಲಲ್ಲಿ ಅಂಟಿಕೊಂಡಿತ್ತು. ಅವಳು ನನ್ನ ಐದು ತಿರುಪುಗಳನ್ನು ಬಿಚ್ಚಿ, ಹೊಸ ಉಣ್ಣೆ ಕೂಡಿಸಿ, ಸುರುಳಿಯನ್ನು ಕೈಯಿಂದಲೇ ಸಡಿಲಿಸಿದಳು. ಭೋಂಗಾದ ಕತೆ, ಬಾಲದ ಕತೆ ಎಲ್ಲವನ್ನೂ ಅವಳು ಹೇಳಿದ್ದು ಆಗಲೇ, ಗುರುಬಸಪ್ಪನ ಪ್ರಶ್ನೆಗಳಿಗೆ ಉತ್ತರವಾಗಿ. ಒಂದೆರಡು ಸಲ ಹಚ್ಚಿದರೆ ಇದರ ಆಯುಷ್ಯ ಮುಗಿಯಿತು ಎಂದೂ ಹೇಳಿದಳು. ಯಂತ್ರದಿಂದ ಒಂದು ವೈರು ಅವಳ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಬಂದದ್ದೆಲ್ಲ ಅಲ್ಲಿ ಇಳಿಯುತ್ತದೆ.

ಗುರುಬಸಪ್ಪನಿಗೆ ಸಂಭ್ರಮ. "ನಾನ ಕೂತು ಹಿಡಿದಿದ್ದು ನೋಡವಾ ತಂಗಿ. ಒಂದ ಸಣ್ಣ ಸಪ್ಪಳ ಬಿದ್ದಿಲ್ಲ ಅದರಾಗ," ಎಂದ.

ನಿಜವೇ ಹೇಳಿದ್ದ, ಪಾಪ.

ಓಣಿಯ ನಾಲ್ಕೈದು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ನಿಂಬೆವ್ವ ತಲೆಯ ಮೇಲೆ ಸೆರಗು ಹೊದ್ದು, ಅವ್ವನೇ ಎದುರು ಬಂದು ಕೂರುತ್ತಾಳೇನೋ ಎಂಬಂತೆ ಚಾಪೆಯ ಅರ್ಧ ಜಾಗ ಖಾಲಿ ಬಿಟ್ಟು ಕೂತಳು. ಯಂತ್ರದ ಬಾಗಿಲು ಮುಚ್ಚಿತು. ಈ ಕ್ಷಣಕ್ಕೆ ನಾನು ಇಪ್ಪತ್ತೆಂಟು ವರ್ಷದಿಂದ ಹೆದರುತ್ತಿದ್ದೆ. ಪಟ್ಟಿ ಈಗಲೇ ತುಂಡಾಗಿಬಿಡಲಿ ಎಂದು ಬೇಡಿಕೊಂಡೆ. ಆಗ ನಿಂಬೆವ್ವನಿಗೆ ನಂಬಿಕೆಯಾದರೂ ಉಳಿದೀತು. ಮರುಗಳಿಗೆಯೇ, ಬೇಡ, ಆ ಹುಡುಗನ ಹಾಡು ನನ್ನ ಬಿಟ್ಟು ಇನ್ನೆಲ್ಲೂ ಇಲ್ಲ ಎಂದುಕೊಂಡೆ. ಪಟ್ಟಿ ತುಂಡಾಗಲಿಲ್ಲ.

ಭೋಂಗಾ ಕೂಗಿತು.

ಬಾಗಿಲ ಹೆಂಗಸರು ಬೆಚ್ಚಿದರು. ಒಳಗೆ ಕೂಸು ಎದ್ದು ಅತ್ತಿತು. ಡ್ರಮ್ಮು ಬಿತ್ತು, ಡ್ಯಾನಿಯಲ್‌ನ ಇಪ್ಪತ್ತರ ಕಂಠ ಮೊಳಗಿತು. ರೇಷ್ಮಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಒಂಬತ್ತು ವರ್ಷ ಹುಡುಕಿದ್ದು ಮುಂದೆ ಕೂಗುತ್ತಿತ್ತು. ಅವಳ ಮುಖದಲ್ಲಿ ನಗೆ ಮೂಡಬೇಕು, ಅಷ್ಟರಲ್ಲಿ ನಿಂಬೆವ್ವನನ್ನು ನೋಡಿದಳು. ಆ ನಗೆ ಹುಟ್ಟಲೇ ಇಲ್ಲ. ಕೈ ಚಾಚಿ ನಿಲ್ಲಿಸಿದಳು.

"ಆ ಕಡೆ ಬದಿ ಹಾಕೀಯೇನವಾ?" ನಿಂಬೆವ್ವ ಕೇಳಿದಳು. ದನಿ ಇನ್ನೂ ಮೆತ್ತಗಿತ್ತು.

ಆ ಬದಿ ಹಾಕಿ ನೋಡಿದರು, ನಾಟಕದ ಹಾಡು. ಮತ್ತೆ ತಿರುಗಿಸಿದರು, ಭೋಂಗಾ. ನಿಂಬೆವ್ವ ಎದ್ದು ನಿಂತಳು. ಅವಳ ಮಾತು ಈಗ ಮೆತ್ತಗಿರಲಿಲ್ಲ. ಬಿಚ್ಚಿದಾಗ ಒಳಗಿನದನ್ನು ಬದಲಿ ಮಾಡಿದಿ, ನಿನಗೆ ಬೇಕಾದ್ದನ್ನು ತುಂಬಿದಿ, ನಮ್ಮವ್ವನನ್ನು ಎಲ್ಲಿ ಹಾಕಿದಿ ಎಂದು ಕೇಳಿದಳು. ಬಾಗಿಲ ಹೆಂಗಸರಲ್ಲಿ ಒಬ್ಬಳು, ನದಾಫನ ಮಗಳಲ್ಲೇನ ಇಕಿ, ಅವರಪ್ಪನೂ ಗದ್ದಲದ ಕ್ಯಾಸೆಟ್ಟು ಖಾಲಿ ಅಂತ ಮಾರಿದಾವ ಎಂದು ಉರಿಗೆ ಎಣ್ಣೆ ಹೊಯ್ದಳು.

ರೇಷ್ಮಾ ಯಂತ್ರದ ಬಾಗಿಲು ತೆರೆದಳು. ನನ್ನನ್ನು ಹೊರಗೆ ತೆಗೆದು ನೆತ್ತಿ ನೋಡಿದಳು. ತೆರೆದ ತೂತು. ಅದರ ಸುತ್ತ ಒಣಗಿದ ಅಂಟಿನ ಹಳದಿ ಗುರುತು. ಅವಳಿಗೆ ಎಲ್ಲವೂ ತಿಳಿಯಿತು. ಕತ್ತೆತ್ತಿ ಗುರುಬಸಪ್ಪನ ಕಡೆ ನೋಡಿದಳು. ಇಷ್ಟು ಹೊತ್ತು ಎದೆಯುಬ್ಬಿಸಿ ಕೂತಿದ್ದ ಮುದುಕ ಗೋಡೆಗೆ ಒರಗಿದ್ದ. ಅವಳು ನಿಜ ಹೇಳಿದರೆ ಆ ಮನೆಯ ಗತಿಯೇನು?

"ಅವ್ವಾರ, ಇಲ್ಲಿ ಒಂದ ಅಂಟುಪಟ್ಟಿ ಹಚ್ಚಬೇಕಿತ್ತು. ನಮ್ಮಪ್ಪ ಹಚ್ಚಿದ್ದು ನಿಂತಿಲ್ಲ, ಉದರೈತಿ," ಎಂದಳು. "ಅದಿಲ್ಲಂದ್ರ ದನಿ ಹಿಡಿಯೂದಿಲ್ಲ. ತಪ್ಪ ನಮ್ಮಪ್ಪಂದು. ನಿಮ್ಮವ್ವ ಇದರಾಗ ಬಂದೇ ಇಲ್ಲರಿ."

ಗುರುಬಸಪ್ಪ ಬಾಯಿಬಿಟ್ಟ. "ಕೆಂಪು ಗುಂಡಿ ಮ್ಯಾಲೆದ್ದಿತ್ತು. ನಾ ನೋಡೀನಿ. ಅದರ ಗುಣಾನ ಹಂಗ ಅನಕೊಂಡೆ." ಅವನು ಹೆಂಡತಿಯ ಮುಖ ನೋಡಲಿಲ್ಲ. "ಆಕಿಯಪ್ಪಂದು ಅಷ್ಟ ಅಲ್ಲ, ನಂದೂ ಐತಿ."

ನಿಂಬೆವ್ವ ನನ್ನನ್ನು ರೇಷ್ಮಾಳ ಕೈಯಿಂದ ಕಸಿದುಕೊಂಡಳು. ಅವಳ ಉಗುರು ನನ್ನ ಬಾಯೊಳಗೆ ಹೋಗಿ ಕಂದು ಪಟ್ಟಿಯನ್ನು ಎತ್ತಿ ಹಿಡಿಯಿತು. ಒಂದು ಎಳೆತ ಸಾಕಿತ್ತು. ಹದಿನಾರು ವರ್ಷ ಕುಂಕುಮ ಹಚ್ಚಿದ ಬೆರಳು ಅದು.

"ಹರದ ಒಗೀಲೇನು ಇದನ್ನ?"

ರೇಷ್ಮಾಳ ಕಣ್ಣು ನನ್ನ ಮೇಲಿತ್ತು. ಬೇಡ ಎನ್ನಬಹುದಿತ್ತು. ಜಗತ್ತಿನಲ್ಲಿ ಇದೊಂದೇ ಉಳಿದದ್ದು ಎನ್ನಬಹುದಿತ್ತು. "ನಿಮ್ಮದರಿ ಅದು," ಎಂದಳು ಅಷ್ಟೇ. "ನಿಮಗ ಹರೀಬೇಕು ಅನಸಿದ್ರ ಹರೀರಿ."

ಉಗುರು ಹಾಗೇ ನಿಂತಿತ್ತು. ಆಮೇಲೆ ನಿಂಬೆವ್ವ ನನ್ನನ್ನು ಯಂತ್ರದ ಮುಂದಿಟ್ಟಳು. "ಹಚ್ಚು. ಪೂರ್ತಿ ಹಚ್ಚು. ನಡುವ ಎಲ್ಲ್ಯರ ಇದ್ದಾಳು."

ಇಲ್ಲ ಎಂದು ರೇಷ್ಮಾಳಿಗೆ ಗೊತ್ತಿತ್ತು. ಆದರೂ ಹಚ್ಚಿದಳು. ಮೊದಲ ಬದಿಯಲ್ಲಿ ಐದು ಹಾಡು, ನಡುವೆ ನಾಲ್ಕು ಖಾಲಿ ಜಾಗ. ಒಂದೊಂದು ಹಾಡು ಮುಗಿದಾಗಲೂ ನಿಂಬೆವ್ವ ಮುಂದಕ್ಕೆ ಬಾಗಿ ಕಿವಿಯನ್ನು ಯಂತ್ರಕ್ಕೆ ತಾಗಿಸುವಳು. ನಾಲ್ಕು ಉಸಿರಿನಷ್ಟು ಮೌನ, ಸರ್ರೆಂಬ ಸದ್ದು, ಮತ್ತೆ ಡ್ರಮ್ಮು. ಅವಳು ಹಿಂದಕ್ಕೆ ಸರಿಯುವಳು. ಹೀಗೆ ನಾಲ್ಕು ಸಲ. ಆ ನಾಲ್ಕು ಖಾಲಿಗಳಲ್ಲಿ ಏನಾದರೂ ಹುಟ್ಟಿಸಲು ನಾನು ಹೆಣಗಿದೆ. ಕ್ಯಾಸೆಟ್ಟಿಗೆ ಬಂಜೆತನವೆಂದರೆ ಏನೆಂದು ಆವತ್ತು ತಿಳಿಯಿತು. ಕೊನೆಯ ಹಾಡು ಮುಗಿಯಿತು. ಟಕ್ ಎಂದು ಗುಂಡಿ ಎದ್ದಿತು.

ಒಳಗಿನಿಂದ ಕೂಸಿನ ಅಳು ಮಾತ್ರ ಕೇಳುತ್ತಿತ್ತು. ಬಾಣಂತಿ ಎಷ್ಟು ತೂಗಿದರೂ ಅದು ನಿಲ್ಲಿಸಿರಲಿಲ್ಲ. ನಿಂಬೆವ್ವ ಗೋಡೆ ನೋಡುತ್ತ, ಯಾರಿಗೂ ಅಲ್ಲದಂತೆ, ಮೊದಲ ಸೊಲ್ಲು ಎತ್ತಿದಳು.

"ಮಗ್ಗದ ಸಪ್ಪಳಕ ಗುಬ್ಬಿಮರಿ ಮಲಗ್ಯಾವ..."

ಅಲ್ಲೇ ನಿಂತಳು. ಮುಂದಿನದು ಬರಲಿಲ್ಲ. ಆಗ ಗೋಡೆಗೊರಗಿದ್ದ ಗುರುಬಸಪ್ಪ, ಜನ್ಮದಲ್ಲಿ ಒಂದು ಪದ ಹಾಡದವನು, ಒಡಕು ದನಿಯಲ್ಲಿ ಹೇಳಿದ:

"ನಿನಗ್ಯಾಕ ಬರಲೊಲ್ದು ನಿದ್ದಿ ನನಕೂಸ, ನೂಲ ಹರಿದಾವ ಎಚ್ಚರಕ."

ನಿಂಬೆವ್ವ ತಿರುಗಿ ಅವನನ್ನು ನೋಡಿದಳು. ಆವತ್ತು ಚಕ್ರ ನಿಂತೀತೆಂದು ಹೆದರಿ, ಕಣ್ಣು ಮಿಟುಕಿಸದೆ ಅರ್ಧ ಗಂಟೆ ಕೂತಿದ್ದನಲ್ಲ. ಆ ಮನೆಯಲ್ಲಿ ಅಷ್ಟು ಲಕ್ಷ್ಯಕೊಟ್ಟು ಕೇಳಿದವರು ಇನ್ನೊಬ್ಬರಿರಲಿಲ್ಲ. ಅವಳು ಒಂದು ಸೊಲ್ಲು, ಅವನು ಒಂದು ಸೊಲ್ಲು. ಜಗಳವಾಡುತ್ತ, ಅದಲ್ರೀ ಎನ್ನುತ್ತ, ಹೂಂ ಅದ ಎನ್ನುತ್ತ ಹೆಕ್ಕಿದರು. ಬಾಗಿಲ ಹೆಂಗಸರೂ ಒಳಗೆ ಬಂದು ಕೂತು ಒಂದೊಂದು ಮಾತು ಸೇರಿಸಿದರು. ಒಂಬತ್ತರಲ್ಲಿ ಮೂರು ಪೂರ್ತಿ ಬಂದವು. ನಾಲ್ಕನೆಯದು ನಡುವೆಯೇ ನಿಂತಿತು. ಅದರಾಚೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

ರೇಷ್ಮಾಳ ಕೈ ತನ್ನಷ್ಟಕ್ಕೆ ಮೊಬೈಲಿನ ಕಡೆ ಹೋಯಿತು, ಹಿಡಿದಿಡೋಣವೆಂದು. ನಿಂಬೆವ್ವ ಆ ಕೈ ಹಿಡಿದಳು.

"ಬ್ಯಾಡವಾ. ಇಟ್ಟೀವಿ ಅಂತ ನಂಬಿದ್ದಕ್ಕ ಆರು ಹೋದುವು. ಗುರುವಾರ ಬಾ, ತೊಟ್ಟಿಲ ಹತ್ರ ಕುಂದ್ರು. ನಾ ಎತ್ತತೀನಿ, ನೀ ಹಿಂದ ಸೊಲ್ಲ ಹಿಡಿ."

ಗುರುವಾರ ನಾನು ಅಲ್ಲಿರಲಿಲ್ಲ. ಸೋಮವಾರವೇ ನಿಂಬೆವ್ವ ನನ್ನನ್ನು ರೇಷ್ಮಾಳ ಕೈಗೆ ಹಾಕಿದ್ದಳು, ನಿಮ್ಮ ಹುಡುಗನ ಹಾಡು ನೀವು ಇಟ್ಟುಕೊಳ್ಳಿ ಎಂದು. ಖಣವನ್ನು ಮಾತ್ರ ಕೊಡಲಿಲ್ಲ.

ಭೋಂಗಾದ ಮೊದಲ ಹಾಡು ಈಗ ಎಲ್ಲರ ಮೊಬೈಲಿನಲ್ಲಿದೆ. ಇಲಿ ಎಂದವರೂ ಸುಮ್ಮನಾದರು. ಪೂರ್ತಿ ಸುಮ್ಮನಾಗಲಿಲ್ಲ, ಮೂರನೆಯ ಹಾಡು ಸಪ್ಪೆ ಎಂದು ಈಗಲೂ ವಾದಿಸುತ್ತಾರೆ, ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಡ್ಯಾನಿಯಲ್ ಒಂದು ಮಧ್ಯಾಹ್ನ ನದಾಫನ ಅಂಗಡಿಗೆ ಬಂದ. ತಲೆ ಬೆಳ್ಳಗಾಗಿತ್ತು. ರೇಷ್ಮಾ ಮೊಬೈಲಿನಲ್ಲಿ ಹಾಡು ಕೇಳಿಸಿದಳು. ಎಣ್ಣಿ ವಾಸನಿ ಎಂಬ ಸಾಲಿಗೆ ಅವನು ಅಂಗೈಯನ್ನು ಮೂಗಿನ ಹತ್ತಿರ ಹಿಡಿದ. ಅಪ್ಪ ಇದನ್ನ ಕೇಳಲೇ ಇಲ್ಲ ಎಂದಷ್ಟೇ ಹೇಳಿ, ಇನ್ನೊಮ್ಮೆ ಹಚ್ಚಲು ಕೇಳಿದ.

ನನ್ನನ್ನು ಇನ್ನು ಹಚ್ಚುವಂತಿಲ್ಲ. ಪಟ್ಟಿಯ ಕಂದು ಪುಡಿ ಉದುರುತ್ತದೆ. ನದಾಫನ ಅಂಗಡಿಯಲ್ಲಿ ಈಗ ಮೊಬೈಲಿನ ಗಾಜು ಕೂಡಿಸುತ್ತಾರೆ. ಮೇಲಿನ ಕಪಾಟಿನಲ್ಲಿ ನಾನು ಕೂತಿದ್ದೇನೆ. ಬರುವ ಅಭಿಮಾನಿಗಳು ಕತ್ತೆತ್ತಿ ನೋಡಿ, ಒಂದು ಹಾಡನ್ನು ಕಾಪಾಡಿದ ಕ್ಯಾಸೆಟ್ಟು ಎನ್ನುತ್ತಾರೆ. ನಾನು ಕಾಪಾಡಲಿಲ್ಲ. ಬಿಸಿಲಿಗೆ ಒಂದು ಚೂರು ಅಂಟು ಒಣಗಿತು, ಅಷ್ಟೇ. ಅವರು ಕೇಳದ ಒಂದು ಮಾತಿದೆ. ಬೆಟಗೇರಿಯಲ್ಲಿ ಯಾರಿಗೂ ನೆನಪಾಗದ ಆ ಪದಗಳು, ನಾಲ್ಕನೆಯದರ ಉಳಿದರ್ಧ, ಐದು, ಆರು, ಏಳು, ಎಂಟು, ಒಂಬತ್ತು, ಎಲ್ಲವನ್ನೂ ನಾನು ಕೇಳಿದ್ದೇನೆ. ಒಂದು ಸೊಲ್ಲೂ ಮರೆತಿಲ್ಲ. ನನ್ನ ಹೊಟ್ಟೆ ಬಗೆದು ಕೊನೆಯ ಗೇಣಿನವರೆಗೆ ಹುಡುಕಿದರೂ ಅವು ಯಾರಿಗೂ ಸಿಗುವುದಿಲ್ಲ.